ಮೀಸಲು ಬಂಡಿಗೆ ಬೆಕ್ಕು ಹತ್ತಿದ ಕತೆ

ಒಂದಾನೊಂದು ಕಾಲದಲ್ಲಿ, ಮನುಷ್ಯರಿಗೂ ಬೆಕ್ಕುಗಳಿಗೂ ಸೇರಿ ಒಂದೇ ಬೀದಿ ಸಾಕಾಗಿದ್ದ ಕಾಲದಲ್ಲಿ, ಬೆಟ್ಟದ ಬುಡದಲ್ಲಿ ಒಂದು ಊರಿತ್ತಂತೆ. ಹೂಂ ಅನ್ನು ಪುಟ್ಟಾ, ಹೂಂ ಅನ್ನೋರಿಲ್ಲದಿದ್ರೆ ಕತೆ ನಡುದಾರಿಯಲ್ಲಿ ಕೂತ್ಬಿಡುತ್ತೆ. ಹಾಂ, ಹಾಗೆ. ಆ ಊರಲ್ಲಿ ಮಂಡಕ್ಕಿ ಹುರಿಯೋರ ಬೀದಿ ಅಂತ ಒಂದು ಬೀದಿ, ಬೀದಿ ತುಂಬ ಭಟ್ಟಿಗಳು, ಭಟ್ಟಿ ಅಂದ್ರೆ ದೊಡ್ಡ ಒಲೆ, ಒಲೆ ಮೇಲೆ ಬಾಣಲೆ, ಬಾಣಲೆ ತುಂಬ ಕಾದ ಮರಳು, ಆ ಮರಳಿಗೆ ಅಕ್ಕಿ ಎರಚಿದ್ರೆ ಚಟಚಟ ಅಂತ ಮಲ್ಲಿಗೆ ಮೊಗ್ಗು ಬಿರಿದ ಹಾಗೆ ಮಂಡಕ್ಕಿ ಅರಳಿಬಿಡುತ್ತಿತ್ತಂತೆ. ಅಕ್ಕಿ ಇದ್ದ ಕಡೆ ಇಲಿ, ಇಲಿ ಇದ್ದ ಕಡೆ ಬೆಕ್ಕು, ಅದರ ಮೇಲೆ ಭಟ್ಟಿಯ ಬೆಚ್ಚನೆ ಗೋಡೆ ಬೇರೆ. ಹೀಗಾಗಿ ಊರಿನ ಬೆಕ್ಕೆಲ್ಲ ಆ ಬೀದೀಲೇ ಬೀಡುಬಿಟ್ಟಿದ್ದವಂತೆ. ಇಲಿ ಹಿಡಿಯೋ ತನಕ ಯಾರೂ ಅವುಗಳ ತಂಟೆಗೆ ಹೋಗುತ್ತಿರಲಿಲ್ಲ. ಸಂಬಳ ಕೇಳದ ಕಾವಲುಗಾರನ್ನ ಯಾರು ಬಿಡಿಸ್ತಾರೆ ಹೇಳು.

ಆ ಬೀದೀಲಿ ಎಲ್ಲರಿಗಿಂತ ದೊಡ್ಡ ಭಟ್ಟಿ ಕೆಂಗಮ್ಮ ಅನ್ನೋಳದು. ಗಂಡ ತೀರಿಕೊಂಡ ಮೇಲೆ ಅಳುತ್ತಾ ಕೂರದೆ ಸೆರಗು ಸಿಕ್ಕಿಸಿ ಭಟ್ಟಿ ಮುಂದಿನ ಮಣೆ ಮೇಲೆ ಕೂತ ಹೆಂಗಸು ಅವಳು. ಮರಳಿನ ಕಾವು ಎಷ್ಟಿರಬೇಕು, ಅಕ್ಕಿ ಯಾವಾಗ ಬೀಳಬೇಕು, ಯಾರಿಗೆ ಮಾಲು ಕೊಡಬೇಕು, ಯಾರಿಗೆ ಕೈಮುಗಿದು ಕಳಿಸಬೇಕು, ಎಲ್ಲ ಆ ಮಣೆ ಮೇಲಿಂದಲೇ. ಅವಳಿಗೆ ಮಾರಣ್ಣ, ದುರುಗಣ್ಣ, ಪಾಲಣ್ಣ ಅಂತ ಮೂರು ಜನ ಗಂಡುಮಕ್ಕಳು. ಮೂರು ಜನಕ್ಕೂ ಮೀಸೆ ಬಂದಿತ್ತು, ಅವ್ವನ ಮುಂದೆ ಬಾಯಿ ಬಂದಿರಲಿಲ್ಲ. ಕಿರಿಯವನು ಪಾಲಣ್ಣನಿಗೆ ಆ ವರ್ಷ ದೀಪಾವಳಿ ಆದ ಮೇಲೆ ಮದುವೆ ಮಾಡಿ, ಹಳ್ಳದಾಚೆ ಊರಿಂದ ತಿಪ್ಪಕ್ಕ ಅನ್ನೋ ಹುಡುಗೀನ ಸೊಸೆಯಾಗಿ ತಂದಿದ್ದರಂತೆ.

ಆಮೇಲೆ ಮಾಗಿ ಚಳಿ ಬಂತು, ಮೀಸಲಿನ ಶುಕ್ರವಾರಗಳು ಬಂದವು. ಮೀಸಲು ಅಂದ್ರೆ ಗೊತ್ತೇನೋ? ದೇವರಿಗೆ ಅಂತ ಎತ್ತಿಟ್ಟಿದ್ದು. ಅದನ್ನ ಯಾರೂ ತಿನ್ನಬಾರದು, ಮೂಸಬಾರದು, ಬಾಯಿ ತಾಗಿಸಬಾರದು. ಬೆಟ್ಟದ ಮೇಲೆ ಬಿಸಿಲಮ್ಮ ಅಂತ ದೇವಿ, ಅವಳಿಗೆ ಪ್ರತಿ ವರ್ಷ ಕೆಂಗಮ್ಮನ ಭಟ್ಟಿಯಿಂದ ಮೂರು ಶುಕ್ರವಾರ ಮೂರು ಬಂಡಿ ಮಂಡಕ್ಕಿ ಹೋಗಬೇಕು. ಅವಳ ಹೆಸರೇ ಬಿಸಿಲಮ್ಮ ತಾನೆ, ಬಿಸಿಲು ಕಾಣದ ಮೀಸಲನ್ನ ಅವಳು ಮುಟ್ಟುವವಳಲ್ಲವಂತೆ. ಅದಕ್ಕೇ ಬಂಡಿಗೆ ಕಮಾನು ಕಟ್ಟೋ ಹಾಗಿಲ್ಲ, ಗೋಣಿತಟ್ಟು ಹೊದಿಸೋ ಹಾಗಿಲ್ಲ. ಬೆಳಗ್ಗೆ ಮನೆ ಮುಂದೆ ತೆರೆದ ಬಂಡೀಲಿ ಹೊಸ ಚಾಪೆ ಹಾಸಿ ಮಂಡಕ್ಕಿ ರಾಶಿ ಸುರಿಯಬೇಕು, ಹೊತ್ತು ನೆತ್ತಿಗೆ ಬರೋ ತನಕ ಅದು ಬಿಸಿಲು ಕಾಯಬೇಕು, ಆಮೇಲೆ ಬೆಟ್ಟದ ಪೂಜಾರಪ್ಪ ಇಳಿದು ಬಂದು ನೋಡಿ, ಕೂದಲಿಲ್ಲ ಕಸವಿಲ್ಲ ಅಂದ ಮೇಲೆ ಮೂಕಿಗೆ, ಅಂದ್ರೆ ನೊಗ ಕಟ್ಟೋ ಮುಂದಿನ ಮರಕ್ಕೆ, ಅರಿಶಿನದ ದಾರ ಕಟ್ಟಿದರೆ ಎತ್ತು ಹೂಡಬೇಕು. ಮೂರರಲ್ಲಿ ಒಂದು ಬಂಡಿಯಾದರೂ ಬೆಟ್ಟ ಹತ್ತಿದರೆ ಮೀಸಲು ನಿಂತ ಹಾಗೆ. ಮೂರೂ ಕೆಟ್ಟರೆ ಮೀಸಲು ಪಕ್ಕದ ಭಟ್ಟಿಗೆ. ಮೀಸಲು ಹೋದರೆ ಬರೀ ಮೀಸಲು ಹೋದ ಹಾಗಲ್ಲ ಮಗಾ, ದೇವರು ತಿನ್ನೋ ಮನೆ ಮಂಡಕ್ಕೀನೇ ಊರು ತಿನ್ನೋದು. ದೇವರು ಒಲ್ಲೆ ಅಂದ ಮಾಲನ್ನ ಸಂತೇಲಿ ಯಾವನು ಮುಟ್ಟುತ್ತಾನೆ?

ಇನ್ನೊಂದು ಕಟ್ಟಳೆ ಇತ್ತಂತೆ. ಮನೆ ಗುಡಿಸಿದ ಪೊರಕೆ ಮೀಸಲು ಬಂಡಿಗೆ ತಾಗಬಾರದು. ಮನೆಯ ಹಿರಿಯಳು ನಸುಕಿಗೇ ಎದ್ದು ತಣ್ಣೀರು ಹುಯ್ದುಕೊಂಡು, ಒದ್ದೆ ಸೀರೇಲೇ ಹಿತ್ತಲಿಗೆ ಹೋಗಿ, ಯಾರ ಜೊತೆಗೂ ಮಾತಾಡದೆ ತುಂಬೆ ಗಿಡಗಳನ್ನ ಬೇರು ಸಮೇತ ಕಿತ್ತು ಕಟ್ಟಿ, ಆ ಹಸಿ ಪೊರಕೇಲಿ ಬಂಡಿ ಹಲಗೆಯನ್ನ ಉಜ್ಜಿ ಗುಡಿಸಬೇಕು. ಆಮೇಲೆ ಆ ಪೊರಕೆಯನ್ನ ತಿಪ್ಪೆಗೆ ಎಸೀಬೇಕು. ಕೆಂಗಮ್ಮ ಸೊಸೆಯಾಗಿ ಬಂದಾಗಲೇ ಮನೇಲಿ ಅತ್ತೆ ಇರಲಿಲ್ಲ, ಆವತ್ತಿಂದ ಈ ಕೆಲಸ ಅವಳದೇ.

ಮೊದಲನೇ ಶುಕ್ರವಾರ ಬಂತು. ಕಾವಲಿಗೆ ಹಿರಿಯವನು ಮಾರಣ್ಣ ನಿಂತ. ಕಾವಲು ಅಂದ್ರೆ ಕಾಗೆ ಗುಬ್ಬಿ ಓಡಿಸೋದು ಅಷ್ಟೆ, ಅಲ್ಲಿವರೆಗೆ ಬೆಕ್ಕಿನ ಕಾಟ ಅಂತ ಯಾವ ವರ್ಷವೂ ಇರಲಿಲ್ಲವಂತೆ. ಆದರೆ ಆವತ್ತು ಬಿಸಿಲು ಏರುತ್ತಿದ್ದ ಹಾಗೆ ಗೋಡೆ ಮೇಲಿಂದ ಒಂದು, ಜಗಲಿ ಕೆಳಗಿಂದ ಒಂದು, ಭಟ್ಟಿ ಸಂದಿಯಿಂದ ಒಂದು, ಬೆಕ್ಕುಗಳು ಮೂಗು ಎತ್ತಿಕೊಂಡು ಬಂದವು. ಶೂ ಅಂದ, ಹೋಗಲಿಲ್ಲ. ಹಚಾ ಅಂದ, ಹೋಗಲಿಲ್ಲ. ಕೊನೆಗೆ ಮಾರಣ್ಣ ಬುದ್ಧಿವಂತಿಕೆ ಮಾಡಿ ತನ್ನ ನಾಯಿಯನ್ನ ತಂದು ಗಾಲಿಗೆ ಕಟ್ಟಿದನಂತೆ. ಬೆಕ್ಕು ಕಂಡ ನಾಯಿ ಸುಮ್ಮನಿರುತ್ತಾ? ಹಗ್ಗ ಹರಕೊಂಡು ಬೆಕ್ಕಿನ ಹಿಂದೆ ಬಿತ್ತು, ಬೆಕ್ಕು ಬಂಡಿ ಹತ್ತಿತು, ನಾಯಿಯೂ ಹತ್ತಿತು, ಮಂಡಕ್ಕಿ ಬೀದಿ ಪಾಲಾಯಿತು. ಪೂಜಾರಪ್ಪ ಬಂದು ಸೊಂಟಕ್ಕೆ ಕೈ ಇಟ್ಟು ನೋಡಿ, ಏನೋ ಮಾರ, ಬಿಸಿಲಮ್ಮನಿಗೆ ಮಂಡಕ್ಕಿ ಕಳಿಸ್ತೀಯೋ ಇಲ್ಲಾ ನಾಯಿ ಕಳಿಸ್ತೀಯೋ ಅಂದು ದಾರ ಜೇಬಿಗೆ ಹಾಕಿಕೊಂಡು ವಾಪಸ್ಸು ಹೋದನಂತೆ.

ಎರಡನೇ ಶುಕ್ರವಾರ ದುರುಗಣ್ಣ ನಿಂತ. ನಾನು ಅಣ್ಣನ ಹಾಗೆ ದಡ್ಡನಲ್ಲ ಅಂತ ಜಾಲಿ ಮುಳ್ಳು ಕಡಿದು ತಂದು ಬಂಡಿ ಸುತ್ತ ಬೇಲಿ ಹಾಕಿದ. ಗಾಲಿಗೆ ಮುಳ್ಳು, ಮೂಕಿಗೆ ಮುಳ್ಳು. ಹಾಕಿ, ಬೀಡಿ ಹಚ್ಚಿಕೊಂಡು ಜಗಲಿ ಮೇಲೆ ಕೂತ. ಬೆಕ್ಕುಗಳು ಬಂದವು, ಮುಳ್ಳಿನ ಸುತ್ತ ಒಂದು ಸುತ್ತು ಹಾಕಿದವು, ಮಾಯವಾದವು. ದುರುಗಣ್ಣ ನಕ್ಕ. ಅವನ ನಗು ಇನ್ನೂ ಮುಗಿದಿರಲಿಲ್ಲ, ಮೇಲೆ ಸೂರಿನ ಹೆಂಚು ಕಟಕಟ ಅಂತು, ಎಲ್ಲಕ್ಕಿಂತ ದೊಡ್ಡದು, ಒಂದು ಕಿವಿ ಹರಿದಿದ್ದ ಕರೀ ಗಂಡು ಬೆಕ್ಕು, ಸೂರಿನಿಂದ ಬಂಡಿಯೊಳಕ್ಕೆ ಧುಮುಕಿತು, ಅದರ ಹಿಂದೆ ಮಿಕ್ಕವು. ಇಳಿಸೋಣ ಅಂದ್ರೆ ತಾನು ಹಾಕಿದ ಮುಳ್ಳೇ ತನಗೆ ಅಡ್ಡ. ಪೂಜಾರಪ್ಪ ಬರೋ ಹೊತ್ತಿಗೆ ಬೆಕ್ಕುಗಳು ಮಂಡಕ್ಕಿ ರಾಶಿಯನ್ನ ಕೆದಕಿ, ಅಡಿಯ ಚಾಪೆ ಪರಚಿ, ಮೈ ಹೊರಳಿಸಿ ಮಲಗಿದ್ದವಂತೆ, ಹೆಂಡ ಕುಡಿದೋರ ಹಾಗೆ.

ಹೊಡೀಬಹುದಿತ್ತಲ್ಲ ಅಂತೀಯಾ? ಬೆಕ್ಕನ್ನ ಹೊಡೆಯೋಕಾಗುತ್ತೇನೋ! ಏಟು ಎಲ್ಲಾದ್ರೂ ಬಿದ್ದು ಸತ್ತುಹೋದರೆ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕು. ಮಂಡಕ್ಕಿ ಮಾರೋರು ಚಿನ್ನದ ಬೆಕ್ಕು ಎಲ್ಲಿಂದ ತರ್ತಾರೆ. ಅದಕ್ಕೇ ಯಾರೂ ಕೋಲು ಎತ್ತಲಿಲ್ಲ.

ಬೆಕ್ಕಿಗೆ ಎತ್ತದ ಕೋಲನ್ನ ಎಲ್ಲರೂ ತಿಪ್ಪಕ್ಕನ ಕಡೆ ಎತ್ತಿದರಂತೆ. ಇಷ್ಟು ವರ್ಷ ಇಲ್ಲದ್ದು ಈ ವರ್ಷ ಯಾಕಾಯಿತು? ಈ ವರ್ಷ ಮನೆಗೆ ಹೊಸದಾಗಿ ಬಂದಿದ್ದು ಏನು? ಮಾರಣ್ಣನ ಹೆಂಡತಿ, ಹಿರೀ ಸೊಸೆ, ಮೊರದಲ್ಲಿ ಅಕ್ಕಿ ಕೇರುತ್ತಾ, ನಾನೇನೂ ಹೇಳಲ್ಲಪ್ಪ, ಕೆಲವರ ಕಾಲ್ಗುಣ ಹಾಗಿರುತ್ತೆ, ಲಕ್ಷ್ಮಿ ಹಿಂದೆ ಬರೋ ಬದಲು ಬೆಕ್ಕು ಹಿಂದೆ ಬರುತ್ತೆ ಅಂದಳು. ನೆರೆಮನೆಯವರು ಗೋಡೆ ಮೇಲಿಂದ ಇಣುಕಿ ಹೌದಮ್ಮಾ ಹೌದು ಅಂದರು. ಕೆಂಗಮ್ಮ ಮಾತ್ರ ಮಣೆ ಮೇಲೆ ಕೂತು ಯೋಚನೆ ಮಾಡಿ, ಎಲ್ಲರೂ ಊಟಕ್ಕೆ ಕೂತಾಗ ತೀರ್ಮಾನ ಹೇಳಿದಳಂತೆ: ಇನ್ನೊಂದು ಶುಕ್ರವಾರ ಇದೆ. ಅದೂ ಕೆಟ್ಟರೆ ತಿಪ್ಪಿ ಗಂಟು ಕಟ್ಟಲಿ. ಹಳ್ಳದಾಚೆ ಹುಟ್ಟಿದ್ದು ಹಳ್ಳದಾಚೆಗೇ ಇರಲಿ.

ತಿಪ್ಪಕ್ಕ ಎತ್ತಿದ ತುತ್ತನ್ನ ತಟ್ಟೆಗೇ ಇಟ್ಟಳು. ಹೋಗೋದು ಅಂದ್ರೆ ಎಲ್ಲಿಗೆ? ಅಪ್ಪನ ಮನೇಲಿ ಇನ್ನೂ ಇಬ್ಬರು ತಂಗಿಯರು. ಕಾಲ್ಗುಣ ಕೆಟ್ಟದು ಅಂತ ಅಕ್ಕ ವಾಪಸ್ಸು ಬಂದ ಮನೆಗೆ ಯಾವ ಬೀಗರು ಬರುತ್ತಾರೆ? ಗಂಡನ ಮುಖ ನೋಡಿದಳು. ಪಾಲಣ್ಣ ಸಾರಿನಲ್ಲಿ ಏನನ್ನೋ ಹುಡುಕುತ್ತಿದ್ದ. ಆಮೇಲೆ ಕೈ ತೊಳೆಯೋಕೆ ನೀರು ಹಾಕುವಾಗ, ನೀವಾದ್ರೂ ಒಂದು ಮಾತು ಹೇಳ್ರೀ ಅಂದಳು. ಅವ್ವ ಹೇಳಿದ ಮೇಲೆ ನಾನೇನು ಹೇಳಲಿ ತಿಪ್ಪಿ, ಮುಂದಿನ ಶುಕ್ರವಾರ ಕಾವಲು ನಂದು, ಕಣ್ಣು ಮಿಟುಕಿಸದೆ ಕಾಯ್ತೀನಿ ಅಂದ. ಅಣ್ಣಂದಿರು ಕಣ್ಣು ಮುಚ್ಕೊಂಡು ಕಾದಿದ್ರಾ ಅಂತ ಕೇಳಬೇಕು ಅನ್ನಿಸಿತು ಅವಳಿಗೆ. ಚೆಂಬು ಎತ್ತಿಕೊಂಡು ಒಳಗೆ ಹೋದಳು.

ಅತ್ತು ಏನು ಬಂತು, ಲುಕ್ಸಾನು ಎಲ್ಲಿ ಆಗ್ತಿದೆ ಅಂತ ಮೊದಲು ನೋಡಬೇಕು. ತಿಪ್ಪಕ್ಕ ಹಾಗೇ ಮಾಡಿದಳಂತೆ. ಮಾರನೇ ದಿನ ಸಗಣಿ ಹಾಕೋಕೆ ಅಂತ ಹಿತ್ತಲ ತಿಪ್ಪೆಗೆ ಹೋದರೆ ಅಲ್ಲಿ ಬೆಕ್ಕುಗಳ ಸಂತೆ. ತಿಪ್ಪೆಯ ಒಂದು ಕಡೆ ಕೆಟ್ಟ ಮಂಡಕ್ಕಿ ಸುರಿದಿತ್ತು, ಒಂದು ಬೆಕ್ಕೂ ಅದನ್ನ ಮೂಸುತ್ತಿಲ್ಲ. ಇನ್ನೊಂದು ಕಡೆ ಅತ್ತೆ ಎಸೆದಿದ್ದ ಹಸಿ ಪೊರಕೆ ಬಿದ್ದಿತ್ತು, ಎಲ್ಲವೂ ಅದರ ಮೇಲೇ. ಕಿವಿಹರುಕ ಕರಿಯ ಅದರ ಬೇರು ಜಗಿಯುತ್ತಾ, ಜೊಲ್ಲು ಸುರಿಸುತ್ತಾ, ಬೆನ್ನು ಕೆಳಗೆ ಮಾಡಿ ಹೊರಳಾಡುತ್ತಿದ್ದಾನೆ. ತಿಪ್ಪಕ್ಕ ಮೆಲ್ಲಗೆ ಒಂದು ಕಡ್ಡಿ ಎಳೆದುಕೊಂಡು ನೋಡಿದಳು. ತುಂಬೆ ಎಲ್ಲಿಯದು! ಅದು ಕುಪ್ಪಿಗಿಡ.

ಕುಪ್ಪಿಗಿಡ ಗೊತ್ತಿಲ್ವಾ ನಿನಗೆ? ಕಜ್ಜಿಗೆ ಅರೆದು ಹಚ್ತಾರಲ್ಲ, ಬೇಲಿ ಸಾಲಲ್ಲಿ ಬೆಳೆಯೋ ಗಿಡ. ಅದರ ಬೇರು ಅಂದ್ರೆ ಬೆಕ್ಕಿಗೆ ಹುಚ್ಚು. ತಿಪ್ಪಕ್ಕನ ಊರಲ್ಲಿ ಮಕ್ಕಳು ಅದನ್ನ ಕಿತ್ತು ಬೆಕ್ಕಿನ ಮುಂದೆ ಹಿಡಿದು ಕುಣಿಸ್ತಿದ್ದರಂತೆ. ಅಂದ ಮೇಲೆ ಬೆಕ್ಕು ಬಂಡಿ ಹತ್ತಿದ್ದು ಮಂಡಕ್ಕಿಗಲ್ಲ, ಯಾರ ಕಾಲ್ಗುಣಕ್ಕೂ ಅಲ್ಲ. ಬಂಡಿ ಶುದ್ಧವಾಗಲಿ ಅಂತ ಅತ್ತೆ ಉಜ್ಜಿ ಉಜ್ಜಿ ಗುಡಿಸಿದ್ದಳಲ್ಲ, ಆ ಪೊರಕೆಯ ವಾಸನೆಗೆ!

ತಿಪ್ಪಕ್ಕನಿಗೆ ಓಡಿಹೋಗಿ ಕೂಗಿ ಹೇಳಬೇಕು ಅನ್ನಿಸಿತು. ಕಾಲು ಎತ್ತಿದಳು, ನಿಂತಳು. ನಲವತ್ತು ವರ್ಷ ತುಂಬೆ ಕಿತ್ತ ಕೈ ಈ ವರ್ಷ ಕುಪ್ಪಿ ಯಾಕೆ ಕಿತ್ತಿತು?

ಆವತ್ತಿಂದ ಅತ್ತೆಯನ್ನ ಕದ್ದು ಕದ್ದು ನೋಡಿದಳಂತೆ. ಹೊಸಿಲು ದಾಟುವಾಗ ಅತ್ತೆ ಮೊದಲು ಹೆಬ್ಬೆರಳಲ್ಲಿ ತಡವಿ ಆಮೇಲೆ ಕಾಲಿಡುತ್ತಾಳೆ. ಉಪ್ಪಿನ ಮಡಕೆ ಯಾವುದು ಅಂತ ಒಳಗೆ ಬೆರಳಿಟ್ಟು ನೆಕ್ಕಿ ತಿಳಿಯುತ್ತಾಳೆ. ಮರಳಿನ ಕಾವನ್ನ ಮುಂಚೆ ಬಣ್ಣ ನೋಡಿ ಹೇಳ್ತಿದ್ದಳಂತೆ, ಈಗ ಅಂಗೈ ಮುಂದೆ ಮಾಡಿ ಹೇಳುತ್ತಾಳೆ. ಕಣ್ಣಿಗೆ ಪೊರೆ ಬಂದಿದೆ! ಭಟ್ಟಿ ಹೊಗೆ ಕುಡಿದು ಮೂಗು ಸತ್ತು ಎಷ್ಟು ಕಾಲವಾಯಿತೋ, ವಾಸನೆಯಿಂದಲೂ ಗೊತ್ತಾಗಲ್ಲ. ಮನೇಲಿ ಯಾರಿಗೂ ಈ ವಿಷಯ ಗೊತ್ತಿಲ್ಲ, ಗೊತ್ತಾಗೋ ಹಾಗೆ ಅವಳು ಬಿಟ್ಟಿಲ್ಲ. ಗೊತ್ತಾದ ದಿನ ಮಣೆ ಹೋಗುತ್ತೆ, ಕೀಲಿಕೈ ಹಿರೀ ಸೊಸೆ ಸೊಂಟಕ್ಕೆ ಹೋಗುತ್ತೆ, ಕೆಂಗಮ್ಮ ಮೂಲೆ ಸೇರ್ತಾಳೆ.

ಈಗ ಯೋಚನೆ ಮಾಡು ಪುಟ್ಟಾ, ಎಷ್ಟು ಇಕ್ಕಟ್ಟು. ಅತ್ತೆಗೆ ಕಣ್ಣು ಕಾಣಲ್ಲ, ಮೀಸಲು ಕೆಡಿಸಿದ್ದು ಅವಳೇ ಅಂತ ಹೊಸ ಸೊಸೆ ಬಾಯಿ ಬಿಟ್ಟರೆ ನಂಬೋರು ಯಾರು? ನಂಬಿದರೂ, ಅತ್ತೆಯನ್ನ ಮಣೆಯಿಂದ ಎಬ್ಬಿಸಿದ ಸೊಸೆ ಆ ಮನೇಲಿ ಬಾಳ್ತಾಳಾ? ಸುಮ್ಮನಿದ್ದರೆ ಶುಕ್ರವಾರ ಗಂಟು ಕಟ್ಟಬೇಕು. ಮಾತಾಡಿದರೂ ನಷ್ಟ, ಆಡದಿದ್ದರೂ ನಷ್ಟ. ಅಂಥ ಹೊತ್ತಲ್ಲಿ ಬಾಯಿಗಿಂತ ಕೈಗೆ ಕೆಲಸ ಕೊಡಬೇಕು.

ಗುರುವಾರ ಸಂಜೆ ಎಲ್ಲರೂ ಭಟ್ಟಿ ಹತ್ತಿರ ಇದ್ದಾಗ ತಿಪ್ಪಕ್ಕ ಹಳ್ಳದ ದಂಡೆಗೆ ಹೋಗಿ ಒಳ್ಳೇ ತುಂಬೆ ಗಿಡಗಳನ್ನ ಬೇರು ಸಮೇತ ತಂದಳಂತೆ. ಹಿತ್ತಲಲ್ಲಿ ಅತ್ತೆ ಯಾವಾಗಲೂ ಕೀಳೋ ಜಾಗದ ಕುಪ್ಪಿಯನ್ನೆಲ್ಲ ಕಿತ್ತು, ಅದೇ ಜಾಗದಲ್ಲಿ ತುಂಬೆ ನೆಟ್ಟು, ನೀರು ಹಾಕಿ, ಮಣ್ಣು ಒತ್ತಿದಳು. ನಸುಕಿಗೆ ಅತ್ತೆ ಬರ್ತಾಳೆ, ಕೈಗೆ ಸಿಕ್ಕಿದ್ದು ಕೀಳ್ತಾಳೆ, ತುಂಬೆ ಬರುತ್ತೆ, ಯಾರ ಮರ್ಯಾದೆಯೂ ಹೋಗಲ್ಲ ಅಂತ ಅವಳ ಲೆಕ್ಕ.

ಶುಕ್ರವಾರ ನಸುಕಿಗೆ ಹಿತ್ತಲ ಬಾಗಿಲ ಸಂದೀಲಿ ಉಸಿರು ಹಿಡಿದು ನಿಂತಳು. ಕೆಂಗಮ್ಮ ಒದ್ದೆ ಸೀರೇಲಿ ನಡುಗುತ್ತಾ ಬಂದಳು. ಕಣ್ಣಿಗೆ ಕಾಣದಿದ್ದರೇನು, ಆ ಹಿತ್ತಲು ಹೇಗಿದೆ ಅಂತ ಅವಳ ಪಾದವನ್ನ ಕೇಳಬೇಕು. ನೇರ ಆ ಜಾಗಕ್ಕೆ ಬಂದು ಕಾಲಿಟ್ಟಳು. ಕಾಲು ಪಚಕ್ ಅಂತ ಕೆಸರಲ್ಲಿ ಹೂತಿತು. ತಿಪ್ಪಕ್ಕ ಹಾಕಿದ್ದ ನೀರು! ಕೆಂಗಮ್ಮ ಮುಖ ಸಿಂಡರಿಸಿದಳು. ಬಚ್ಚಲ ನೀರು ಇಲ್ಲಿಗೆ ಹರಿದಿದೆ ಅಂದುಕೊಂಡಳೋ ಏನೋ, ಮೈಲಿಗೆ ನೀರಿನ ಗಿಡ ಮೀಸಲಿಗೆ ಬೇಡ ಅಂತ ಹಿಂದೆ ಸರಿದು, ಗೋಡೆ ಹಿಡಿದು ಆಚೆ ಮೂಲೆಗೆ ಹೋಗಿ ಬಗ್ಗಿದಳು. ಆ ಮೂಲೆ ತುಂಬ ಬರೀ ಕುಪ್ಪಿ. ತಿಪ್ಪಕ್ಕನ ನಾಲಿಗೆ ತುದಿಗೆ ಅತ್ತೇ ಅನ್ನೋ ಮಾತು ಬಂತು. ಮಾತಾಡಿದರೆ ಕಟ್ಟಳೆ ಮುರೀತು, ಈ ಬಂಡಿಯೂ ಕೆಟ್ಟಿತು. ಸೆರಗು ಕಚ್ಚಿಕೊಂಡು ನಿಂತಳು. ಅತ್ತೆ ಚಳಿಗೆ ಮರಗಟ್ಟಿದ ಕೈಯಲ್ಲಿ ಹಿಡಿ ಹಿಡಿಯಾಗಿ ಕುಪ್ಪಿ ಕಿತ್ತಳು, ಕಟ್ಟಿದಳು, ಬಂಡಿ ಗುಡಿಸಿದಳು, ಪೊರಕೆಯನ್ನ ತಿಪ್ಪೆಗೆ ಎಸೆದಳು.

ಚಾಪೆ ಹಾಸಿದರು, ಮಂಡಕ್ಕಿ ಸುರಿದರು, ಬಿಸಿಲು ಬಂತು. ಈ ಸಲ ಮೂರು ಜನ ಅಣ್ಣತಮ್ಮಂದಿರೂ ಬಂಡಿ ಸುತ್ತ ನಿಂತರು. ಪಾಲಣ್ಣನ ಕಣ್ಣು ಕೆಂಪಗಾಗಿತ್ತು, ಪಾಪ, ನಿಜವಾಗಿಯೂ ಮಿಟುಕಿಸುತ್ತಿರಲಿಲ್ಲವಂತೆ. ಬೀದಿಯ ಜನವೆಲ್ಲ ಜಗಲಿ ಮೇಲೆ. ಹೊತ್ತು ಏರಿತು. ಒಂದು ಬೆಕ್ಕು ಬಂತು. ಇನ್ನೊಂದು ಬಂತು. ಗೋಡೆ ಸಾಲಲ್ಲಿ, ಸೂರಿನ ತುದಿಯಲ್ಲಿ, ಗಾಲಿಯ ನೆರಳಲ್ಲಿ, ಎಲ್ಲಿ ನೋಡಿದರೂ ಕಿವಿ, ಎಲ್ಲಿ ನೋಡಿದರೂ ಬಾಲ. ಒಂದನ್ನ ಅಟ್ಟಿದರೆ ಎರಡು ಹತ್ತಿರ ಬರುತ್ತಿದ್ದವು. ಕರಿಯ ಸೂರಿನ ಮೇಲೆ ಬಂದು ಕೂತು, ಬಾಲ ಆಡಿಸುತ್ತಾ, ಬಂಡಿಯನ್ನ ಅಳೆಯೋ ಹಾಗೆ ನೋಡುತ್ತಿದ್ದ. ದೂರದಲ್ಲಿ ಬೆಟ್ಟದ ದಾರೀಲಿ ಪೂಜಾರಪ್ಪನ ಗಂಟೆ ಸದ್ದು ಕೇಳಿಸಿತು.

ತಿಪ್ಪಕ್ಕ ಬಾಗಿಲಿಗೆ ಬಂದು ಹೊಸಿಲ ಮೇಲೆ ನಿಂತಳು. ನಿಂತಿದ್ದೇ ತಡ, ಹತ್ತಿರವಿದ್ದ ಎರಡು ಬೆಕ್ಕು ಬಂಡಿ ಬಿಟ್ಟು ಅವಳ ಕಡೆ ತಿರುಗಿ, ಕಾಲು ಸುತ್ತಿ, ಸೀರೆ ನೆರಿಗೆಗೆ ಮುಖ ಉಜ್ಜಿದವಂತೆ. ನಿನ್ನೆ ಸಂಜೆ ಅದೇ ಸೀರೇಲಿ ತಾನೆ ಕುಪ್ಪಿ ಕಿತ್ತಿದ್ದು.

ಹಿರೀ ಸೊಸೆ ಎದೆ ಬಡಕೊಂಡಳು. ನೋಡ್ರಪ್ಪೋ ನೋಡಿ! ನಾನು ಹೇಳಲಿಲ್ವಾ? ಬೆಕ್ಕು ಯಾರ ಹಿಂದೆ ಬರ್ತವೆ ಅಂತ ಈಗ ಕಣ್ಣಾರೆ ನೋಡಿ! ಜಗಲಿ ಮೇಲಿನ ಜನ ಹೋ ಅಂದರು. ಕೆಂಗಮ್ಮನ ಮುಖ ಕೆಂಡವಾಯಿತು. ಬೆಕ್ಕು ಅವಳಿಗೆ ಕಾಣಲಿಲ್ಲ, ಬೀದಿಯವರು ಕೂಗಿದ್ದು ಮಾತ್ರ ಕೇಳಿಸಿತು. ಪೂಜಾರಪ್ಪ ಬರೋಕೆ ಮುಂಚೆ ಇವಳು ಹೊರಡಲಿ, ಈಗಲೇ ಹೊರಡಲಿ, ಇವಳ ನೆರಳು ಬಂಡಿಗೆ ಬೀಳೋದು ಬೇಡ ಅಂದಳು. ಅವ್ವಾ ಅಂತ ಪಾಲಣ್ಣ ಒಂದು ಹೆಜ್ಜೆ ಬಂದ. ನೀನು ಬಂಡಿ ಬಿಟ್ಟು ಅಲ್ಲಾಡಬೇಡ ಅಂದಳು ಕೆಂಗಮ್ಮ.

ತಿಪ್ಪಕ್ಕನ ಕಣ್ಣಲ್ಲಿ ನೀರು ಬಂತು, ಬಂದಿದ್ದು ಅಲ್ಲೇ ನಿಂತಿತು. ಕಾಲಿಗೆ ಉಜ್ಜುತ್ತಿದ್ದ ಬೆಕ್ಕುಗಳನ್ನ ಕೆಳಗೆ ನೋಡಿದಳು, ಸೂರಿನ ಮೇಲಿದ್ದ ಕರಿಯನನ್ನ ನೋಡಿದಳು. ಆಮೇಲೆ ಮೆಲ್ಲಗೆ, ಹೋಗ್ತೀನಿ ಅತ್ತೆ, ಆದ್ರೆ ಸೊಸೆ ಬರೀ ಮಡಿಲಲ್ಲಿ ಹೊಸಿಲು ದಾಟಬಾರದು ಅಂತಾರೆ, ಮನೆಗೆ ಕೇಡು ಅಂದಳಂತೆ.

ಮಾತು ನ್ಯಾಯವಾದದ್ದು. ಮಡಿಲಿಗೆ ಅಕ್ಕಿ ಕಾಯಿ ಹಾಕದೆ ಯಾವ ಸೊಸೆಯನ್ನೂ ತವರಿಗೆ ಕಳಿಸೋ ಹಾಗಿಲ್ಲ. ಆದರೆ ಯಾರು ಹಾಕುತ್ತಾರೆ? ಹಿರೀ ಸೊಸೆ ಕೈ ಕಟ್ಟಿ ನಿಂತಳು. ಕೆಂಗಮ್ಮ ಮುಖ ತಿರುಗಿಸಿ, ಏನು ಬೇಕೋ ನೀನೇ ತುಂಬ್ಕೊಂಡು ಹೋಗು ಅಂದಳು.

ಆಗಲಿ ಅಂತ ತಿಪ್ಪಕ್ಕ ಒಳಗೆ ಓಡಿದಳು. ಅಕ್ಕಿ ಮಡಕೆ ದಾಟಿದಳು, ಕಾಯಿ ಬುಟ್ಟಿ ದಾಟಿದಳು, ಹಿತ್ತಲಿಗೆ ಹೋಗಿ ತಿಪ್ಪೆ ಮೇಲಿದ್ದ ಪೊರಕೆ ಎತ್ತಿ ಮಡಿಲಿಗೆ ಹಾಕಿಕೊಂಡಳು. ಆ ಮೂಲೇಲಿ ಉಳಿದಿದ್ದ ಕುಪ್ಪಿಯನ್ನೆಲ್ಲ ಎರಡೂ ಕೈಯಲ್ಲಿ ಕಿತ್ತಳು, ಬೇರನ್ನ ಕಲ್ಲಿನ ಮೇಲೆ ಇಟ್ಟು ಜಜ್ಜಿದಳು, ಮಡಿಲು ತುಂಬಿ ಬಿರಿಯೋ ತನಕ ತುರುಕಿದಳು. ಹಲಗೆಗೆ ಹತ್ತಿದ್ದು ಬರೀ ವಾಸನೆ, ಮಡಿಲಲ್ಲಿರೋದು ಸಾಕ್ಷಾತ್ ಬೇರು. ಬೀದೀಲಿ ಮಾಲಿನ ವಾಸನೆಯೂ ಇದ್ದು ಮಾಲೂ ಇದ್ದರೆ ಗಿರಾಕಿ ಯಾವುದರ ಹಿಂದೆ ಹೋಗ್ತಾನೆ?

ಸೆರಗು ಮುಚ್ಚಿಕೊಂಡು ಮುಂಬಾಗಿಲಿಗೆ ಬರೋ ಹೊತ್ತಿಗೆ ಕರಿಯ ಸೂರಿನ ಅಂಚಿಗೆ ಬಂದು ಮುಂಗಾಲು ಮಡಿಸಿ, ಬೆನ್ನು ಕುಗ್ಗಿಸಿ, ನೆಗೆಯೋಕೆ ತಯಾರಾಗಿದ್ದ. ಕೆಳಗೆ ಪಾಲಣ್ಣ ಎರಡೂ ಕೈ ಮೇಲೆತ್ತಿ ನಿಂತಿದ್ದ, ಬಿದ್ದರೆ ತನ್ನ ಮೇಲೇ ಬೀಳಲಿ ಅಂತ. ತಿಪ್ಪಕ್ಕ ಹೊಸಿಲು ದಾಟಿ, ಬಂಡಿ ಕಡೆ ತಿರುಗಿಯೂ ನೋಡದೆ, ಗೋಡೆ ಪಕ್ಕದಲ್ಲೇ ನಡೆದಳು. ಕರಿಯನ ಮೂಗು ಅಲ್ಲಾಡಿತು. ತಲೆ ಬಂಡಿ ಕಡೆ ಇತ್ತು, ಮೂಗು ಅವಳ ಕಡೆ ತಿರುಗಿತು. ಒಂದು ಗಳಿಗೆ ಆ ಕಡೆ ಈ ಕಡೆ. ಆಮೇಲೆ ಧೊಪ್ ಅಂತ ಬೀದಿಗೆ ನೆಗೆದು, ಮ್ಯಾಂವ್ ಅಂತ ಒಂದು ಕೂಗು ಹಾಕಿ ಅವಳ ಹಿಂದೆ ಹೊರಟ. ಅವನು ಹೊರಟ ಮೇಲೆ ಗಾಲಿ ನೆರಳಿನವು ಹೊರಟವು, ಗೋಡೆ ಮೇಲಿನವು ಇಳಿದವು, ಭಟ್ಟಿ ಸಂದಿಯವು ಬಂದವು. ತಿಪ್ಪಕ್ಕ ಜೋರಾಗಿ ನಡೆದರೆ ಅವೂ ಜೋರಾಗಿ, ಮೆಲ್ಲಗೆ ನಡೆದರೆ ಅವೂ ಮೆಲ್ಲಗೆ. ಓಡೋ ಹಾಗಿಲ್ಲ, ಓಡಿದರೆ ಅಂಜಿ ಚದುರುತ್ತವೆ. ನಿಲ್ಲೋ ಹಾಗೂ ಇಲ್ಲ, ನಿಂತರೆ ಮೈಮೇಲೆ ಹತ್ತುತ್ತವೆ. ಕರಿಯ ಆಗಲೇ ಸೆರಗಿಗೆ ಉಗುರು ಹಾಕಿ ಎಳೆಯುತ್ತಿದ್ದ. ಮಡಿಲಿಂದ ಕುಪ್ಪಿಯ ಒಂದು ಬೇರು ತೆಗೆದು ಹಿಂದಕ್ಕೆ ಎಸೆದಳು, ಇನ್ನಷ್ಟು ದೂರ ನಡೆದಳು, ಇನ್ನೊಂದು ಎಸೆದಳು. ಹೀಗೆ ಬೀದಿ ದಾಟಿ, ಊರ ಬಾಗಿಲು ದಾಟಿದಳಂತೆ.

ಊರ ಬಾಗಿಲಲ್ಲಿ ಪೂಜಾರಪ್ಪ ಎದುರಾದ. ಬಾಯಿ ಬಿಟ್ಟು ನಿಂತು, ಇದೇನವ್ವಾ, ಎಲ್ಲಿಗೆ ಈ ದಿಬ್ಬಣ ಅಂದ. ತವರಿಗೆ ಹೊರಟೆ ಪೂಜಾರಪ್ಪ, ಕಳಿಸೋಕೆ ಯಾರೂ ಬರಲಿಲ್ಲ, ಇವು ಬಂದ್ವು ಅಂದಳು ತಿಪ್ಪಕ್ಕ. ನಿಲ್ಲದೆ ಮುಂದೆ ಹೋದಳು.

ಪೂಜಾರಪ್ಪ ಬಂಡಿ ಹತ್ತಿರ ಬಂದು ನೋಡಿದ. ಒಂದು ಸುತ್ತು ಬಂದ, ಎರಡು ಸುತ್ತು ಬಂದ. ಬಗ್ಗಿ ನೋಡಿದ. ಮಂಡಕ್ಕಿ ಸುರಿದ ಹಾಗೇ ಇತ್ತು, ಒಂದು ಕಾಳು ಆ ಕಡೆ ಈ ಕಡೆ ಆಗಿರಲಿಲ್ಲ. ಬೀದೀಲಿ ಒಂದು ಬೆಕ್ಕಿನ ಮರಿಯೂ ಇಲ್ಲ. ಅರಿಶಿನದ ದಾರ ತೆಗೆದು ಮೂಕಿಗೆ ಕಟ್ಟಿ, ಕೆಂಗಮ್ಮಾ, ಮೀಸಲು ನಿಂತಿತು, ಎತ್ತು ಹೂಡಿಸು ಅಂದ. ಆಮೇಲೆ ತಲೆ ಕೆರೆದುಕೊಂಡು, ಊರ ಬೆಕ್ಕನ್ನೆಲ್ಲ ಕಟ್ಟಿಕೊಂಡು ಹೋದಳಲ್ಲ, ಆ ಹೆಣ್ಣು ಯಾರ ಮನೇದು, ಅವಳು ಹೋಗದಿದ್ರೆ ಇವತ್ತೂ ನಿನ್ನ ಮಂಡಕ್ಕಿ ತಿಪ್ಪೆಗೇ ಇತ್ತು ಅಂದನಂತೆ.

ಹೋ ಅಂದಿದ್ದ ಬೀದಿಯವರು ಒಬ್ಬೊಬ್ಬರಾಗಿ ಜಗಲಿ ಇಳಿದರು. ಮಾರಣ್ಣ ಎತ್ತು ಹೂಡಿದ, ಬಂಡಿ ಬೆಟ್ಟದ ಕಡೆ ಹೊರಟಿತು. ಪಾಲಣ್ಣ ಮಾತ್ರ ಬಂಡಿ ಜೊತೆ ಹೋಗಲಿಲ್ಲ, ಹಳ್ಳದ ದಾರಿ ಹಿಡಿದ. ಕೆಂಗಮ್ಮ ಅವನ ತೋಳು ಹಿಡಿದು, ನಾನೂ ಬರ್ತೀನಿ ನಡೆ ಅಂದಳಂತೆ.

ತಿಪ್ಪಕ್ಕ ಹಳ್ಳದ ದಂಡೇಲಿ ಒಂದು ಬಂಡೆ ಮೇಲೆ ಕೂತಿದ್ದಳು. ಸುತ್ತ ಬೆಕ್ಕುಗಳು ಬೇರು ಜಗಿದು ಅಮಲೇರಿ ಬಿದ್ದುಕೊಂಡಿದ್ದವು, ಕರಿಯ ನಾಲ್ಕೂ ಕಾಲು ಆಕಾಶಕ್ಕೆ ಮಾಡಿ ಮಲಗಿದ್ದ. ಕೆಂಗಮ್ಮ ಮಗನನ್ನ ದೂರದಲ್ಲೇ ನಿಲ್ಲಿಸಿ, ಕಾಲಲ್ಲಿ ತಡವುತ್ತಾ ತಡವುತ್ತಾ ಒಬ್ಬಳೇ ಹತ್ತಿರ ಬಂದು ಸೊಸೆ ಪಕ್ಕ ಕೂತಳು. ಮೀಸಲು ನಿಂತಿತು ಕಣೇ ಅಂದಳು. ತಿಪ್ಪಕ್ಕ ಹೂಂ ಅಂದಳು. ಮಡಿಲಿಗೆ ಏನು ತುಂಬ್ಕೊಂಡು ಬಂದೆ, ಎಲ್ಲಿ ಕೊಡು ಅಂತ ಕೆಂಗಮ್ಮ ಕೈ ಚಾಚಿದಳು. ತಿಪ್ಪಕ್ಕ ಉಳಿದಿದ್ದ ಒಂದು ಗಿಡ ಕೊಟ್ಟಳು. ಕೆಂಗಮ್ಮ ಅದರ ಕಡ್ಡಿಯನ್ನ ಎರಡು ಬೆರಳಲ್ಲಿ ಹಿಡಿದು ಹೊರಳಿಸಿದಳು, ಇನ್ನೊಮ್ಮೆ ಹೊರಳಿಸಿದಳು. ಬಿಸಿಲಿಗೆ ಕೈ ಬೆಚ್ಚಗಾಗಿತ್ತು, ಈಗ ಬೆರಳಿಗೆ ತಿಳಿಯುತ್ತಿತ್ತು. ತುಂಬೆ ಕಡ್ಡಿಗೆ ಮೂಲೆ ಇರುತ್ತೆ, ಚೌಕ. ಇದು ಗುಂಡಗಿತ್ತು.

ಮಗ ದೂರದಲ್ಲೇ ಇದಾನಾ ಅಂತ ಕಿವಿಗೊಟ್ಟಳಂತೆ. ಆಮೇಲೆ, ಇನ್ಯಾರಿಗೆ ಗೊತ್ತು ಅಂದಳು ಕೆಂಗಮ್ಮ.

ಏನು ಗೊತ್ತಾಗೋಕೆ ಅತ್ತೆ, ಈ ವರ್ಷ ಹಿತ್ತಲಲ್ಲಿ ತುಂಬೆ ಕಡಿಮೆ ಬಂದಿತ್ತು ಅಷ್ಟೆ ಅಂದಳು ತಿಪ್ಪಕ್ಕ.

ನಿನ್ನ ಗಂಡನಿಗೆ?

ಅವರಿಗೂ ಅಷ್ಟೇ ಗೊತ್ತು.

ಕೆಂಗಮ್ಮ ಗಿಡವನ್ನ ಹಳ್ಳದ ನೀರಿಗೆ ಹಾಕಿ, ಏಳು, ಮನೆಗೆ ನಡೆ ಅಂದಳಂತೆ. ತಿಪ್ಪಕ್ಕ ಏಳಲಿಲ್ಲ. ಬೀದಿ ಮುಂದೆ ಕಳಿಸಿದ್ರಿ ಅತ್ತೆ, ಬೀದಿ ಮುಂದೇನೇ ಕರ್ಕೊಳ್ಳಬೇಕು, ಮಡಿಲಿಗೆ ನೀವೇ ಅಕ್ಕಿ ಕಾಯಿ ಹಾಕಬೇಕು, ನನ್ನ ಹಿಂದೆ ಇಬ್ಬರು ತಂಗಿಯರಿದಾರೆ ಅಂದಳು. ಕೆಂಗಮ್ಮ ಕಣ್ಣು ಕಿರಿದು ಮಾಡಿ ಅವಳ ಕಡೆ ತಿರುಗಿದಳು. ನಲವತ್ತು ವರ್ಷ ಸಂತೆ ನೋಡಿದ ಮುದುಕಿ, ಸರಿಯಾದ ದರ ಕೇಳಿದೋರ ಹತ್ತಿರ ಚೌಕಾಸಿ ಮಾಡಬಾರದು ಅಂತ ಅವಳಿಗೆ ಗೊತ್ತಿಲ್ಲವಾ? ಆಯ್ತು ಅಂದಳು. ಅಂದು, ಎದ್ದು ನಿಲ್ಲೋಕೆ ಸೊಸೆ ಭುಜ ಹಿಡಿದುಕೊಂಡಳು. ಹಿಡಿದಿದ್ದನ್ನ ಬಿಡದೆ, ನಾಳೆಯಿಂದ ನನ್ನ ಮಣೆ ಪಕ್ಕ ನಿಂದೂ ಒಂದು ಮಣೆ ಹಾಕ್ಕೋ, ಬಾಯಿ ನಂದು, ಕಣ್ಣು ನಿಂದು ಅಂದಳಂತೆ.

ಆಮೇಲೆ ಏನಾಯಿತು ಅಂದ್ರೆ, ಅತ್ತೆ ಸೊಸೆ ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ಬೀದಿಗೆ ಬಂದರು, ಇಡೀ ಬೀದಿ ನೋಡೋ ಹಾಗೆ ಹೊಸಿಲ ಮುಂದೆ ಕೆಂಗಮ್ಮ ಸೊಸೆ ಮಡಿಲಿಗೆ ಅಕ್ಕಿ, ಕಾಯಿ, ಬೆಲ್ಲ ಹಾಕಿದಳು, ಹಿರೀ ಸೊಸೆಯೇ ಆರತಿ ತಟ್ಟೆ ಹಿಡಿಯಬೇಕಾಯಿತು. ಭಟ್ಟಿ ಮುಂದೆ ಎರಡು ಮಣೆ ಬಿದ್ದವು. ಮರಳು ಕೆಂಪಾಯಿತು ಅತ್ತೆ ಅಂತ ಸೊಸೆ ಮೆಲ್ಲಗೆ ಅನ್ನೋಳು, ಸುರೀರೋ ಅಕ್ಕಿ ಅಂತ ಅತ್ತೆ ಜೋರಾಗಿ ಕೂಗೋಳು. ತಂಗಿಯರಿಗೆ ಒಳ್ಳೇ ಕಡೆ ಮದುವೆ ಆಯಿತು. ಪಾಲಣ್ಣ ಕಣ್ಣು ಮಿಟುಕಿಸೋಕೆ ಶುರು ಮಾಡಿದ. ಬೆಕ್ಕುಗಳು ಸಂಜೆ ಹೊತ್ತಿಗೆ ತಾವೇ ತೂರಾಡುತ್ತಾ ಮನೆಗೆ ಬಂದವಂತೆ.

ಹೂಂ ಅನ್ನೋದು ನಿಂತೇಹೋಯ್ತಲ್ಲ. ಬಂಡಿ ಬೆಟ್ಟಕ್ಕೆ ಹೋಯಿತು, ಸೊಸೆ ಮನೆಗೆ ಬಂದಳು, ನೀನು ನಿದ್ದೆಗೆ ಹೋದೆ, ಕತೆ ಮುಗೀತು.